‘ಆಗಿಹೋಯಿತು’ ಅನ್ನಬೇಡಿ, ‘ನಾನು ಹೊಡೆದೆ’ ಅನ್ನಿ

ಪ್ರಶ್ನೆ:

ಮೇಡಂ, ನಾನು ಅಂಕೋಲಾ ತಾಲೂಕಿನ ಸಮುದ್ರದಂಡೆಯ ಒಂದು ಊರಿನವನು. ವಯಸ್ಸು 38. ಬೇಲೇಕೇರಿಯಿಂದ ಹೊರಡುವ ಬೋಟಿನಲ್ಲಿ ಕೆಲಸ. ಮಗನಿಗೆ ನಾಲ್ಕೂವರೆ ವರ್ಷ ಇರುವಾಗ ಗ್ರಹಚಾರ ಕೆಟ್ಟು ಒಂದು ಘಟನೆ ಆಗಿಹೋಯಿತು. ಯಕ್ಷಗಾನದ ಆಟ ನೋಡಲು ಹೋದ ರಾತ್ರಿ, ಕುಡಿದ ಅಮಲಿನಲ್ಲಿ ಮಾತಿಗೆ ಮಾತು ಬೆಳೆದು, ನಮ್ಮೂರಿನ ಒಬ್ಬರ ಜೀವ ಹೋಯಿತು. 302, ಅಂದರೆ ಕೊಲೆ ಅಂತ ಹಾಕಿದ ಕೇಸು ಒಂದೂವರೆ ವರ್ಷದ ಮೇಲೆ 304ರ ಎರಡನೇ ಭಾಗಕ್ಕೆ, ಅಂದರೆ ಕೊಲೆಯಲ್ಲದ ನರಹತ್ಯೆಗೆ ಇಳಿದು ಏಳು ವರ್ಷ ಶಿಕ್ಷೆಯಾಯಿತು. ಮೊದಲು ಕಾರವಾರ ಜೈಲು, ಆಮೇಲೆ ಬೆಳಗಾವಿಯ ಹಿಂಡಲಗಾ ಜೈಲು. ಮಾಫಿ ಕಳೆದು ಆರು ವರ್ಷಕ್ಕೆ ಹೊರಗೆ ಬಂದೆ. ಬಂದು 14 ತಿಂಗಳಾಯಿತು.

ಅಪ್ಪ ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದಾನೆ ಎಂದು ಹೆಂಡತಿ ಮಗನಿಗೆ ಹೇಳಿದ್ದಳು. ನಾನು ಬಂದ ಎರಡೇ ತಿಂಗಳಿಗೆ ಶಾಲೆಯಲ್ಲಿ ಒಬ್ಬ ಹುಡುಗ ಎಲ್ಲರ ಎದುರು ನಿಜ ಹೇಳಿಬಿಟ್ಟ. ಅವನು ತೀರಿಕೊಂಡವರ ತಮ್ಮನ ಮಗ. ಅವತ್ತಿನಿಂದ ನನ್ನ ಮಗ ನನ್ನನ್ನು ಅಪ್ಪ ಎಂದು ಕರೆಯುವುದಿಲ್ಲ. ಏನೂ ಕರೆಯುವುದಿಲ್ಲ. ಹೋದ ತಿಂಗಳು ಅದೇ ಹುಡುಗನಿಗೆ ಹೊಡೆದು ತುಟಿ ಒಡೆಯಿತು. ಹೆಡ್‌ಮಾಸ್ತರರು ಕೇಳಿದರೆ ‘ಜಗಳ ಆಯ್ತು, ಅವಂಗೆ ಪೆಟ್ಟಾಯ್ತು’ ಎಂದನಂತೆ. ಒಬ್ಬ ಮಾಸ್ತರರು ಕ್ಲಾಸಿನಲ್ಲೇ ‘ಅಪ್ಪನ ಹಾಗೇ ಆಗ್ತೆ ನೀನು’ ಎಂದರಂತೆ. ನನಗೆ ರಾತ್ರಿ ನಿದ್ದೆ ಇಲ್ಲ. ಇದು ರಕ್ತದಲ್ಲಿ ಬರ್ತದಾ? ಒಮ್ಮೊಮ್ಮೆ ನನಗೇ ಅವನಿಗೆ ನಾಲ್ಕು ಬಾರಿಸಬೇಕು ಅನಿಸ್ತದೆ, ಇನ್ನೂ ಕೈ ಎತ್ತಲಿಲ್ಲ. ನನ್ನ ಭಾವ, ‘ಹಿಂಡಲಗಾಕ್ಕೆ ಸ್ವಾತಂತ್ರ್ಯ ಹೋರಾಟಗಾರರೂ ಹೋಗಿದ್ರು, ಅದ್ರಲ್ಲಿ ನಾಚ್ಕೆ ಎಂತದು’ ಎಂದು ಅವನಿಗೆ ಸಮಾಧಾನ ಹೇಳುತ್ತಾರೆ. ನಾನು ಗಲ್ಫಿಗೆ ಹೋಗಿಬಿಟ್ಟರೆ ಅವನಿಗೆ ಊರಲ್ಲಿ ತಲೆ ಎತ್ತಿ ಓಡಾಡಲಿಕ್ಕೆ ಆಗಬಹುದೇನೋ. ಅವನಿಗೆ ನೇವಿ ಸೇರುವ ಆಸೆ. ನನ್ನ ಕೇಸು ಅವನ ನೌಕರಿಗೆ ಅಡ್ಡ ಬರ್ತದಾ? ನಾನು ಬೋಟಿಗೆ ಹೋಗುವ ದಿನ ಅವನು ‘ಎಷ್ಟೊತ್ತಿಗೆ ಬರ್ತಾರೆ’ ಎಂದು ಅಮ್ಮನ ಹತ್ತಿರ ಕೇಳುತ್ತಾನೆ, ನಾನು ಮನೆಯಲ್ಲಿ ಇಲ್ಲದಿದ್ದರೇ ಅವನಿಗೆ ಹಾಯಾಗಿರ್ತದೇನೋ. ಅವನು ಒಳ್ಳೆಯ ಮನುಷ್ಯ ಆಗಬೇಕು. ನಾನು ಏನು ಮಾಡಬೇಕು?

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು ಕೆಲವು ಮಾತುಗಳಿಗೆ ಗೆರೆ ಎಳೆದೆ. ಗ್ರಹಚಾರ ಕೆಟ್ಟಿತು. ಘಟನೆ ಆಗಿಹೋಯಿತು. ಮಾತಿಗೆ ಮಾತು ಬೆಳೆಯಿತು. ಜೀವ ಹೋಯಿತು. ಇಷ್ಟು ದೊಡ್ಡ ಪತ್ರದಲ್ಲಿ ‘ನಾನು ಹೊಡೆದೆ’ ಎನ್ನುವ ಎರಡು ಶಬ್ದ ಎಲ್ಲೂ ಇಲ್ಲ.

ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಲು ಇದನ್ನು ಹೇಳುತ್ತಿಲ್ಲ. ಆ ಕೆಲಸ ಕೋರ್ಟು ಮಾಡಿ ಮುಗಿಸಿದೆ. ನಮ್ಮ ಭಾಷೆಯೇ ನಮಗೆ ಇಂಥ ಒಂದು ಸೌಕರ್ಯ ಕೊಟ್ಟಿದೆ. ಹಾಲು ಚೆಲ್ಲಿಹೋಯಿತು, ಲೋಟ ಒಡೆದುಹೋಯಿತು. ಯಾರು ಚೆಲ್ಲಿದರು, ಯಾರು ಒಡೆದರು ಎನ್ನುವ ಗೊಡವೆಯೇ ಇಲ್ಲ. ಲೋಟದ ಮಟ್ಟಿಗೆ ಅದು ಚಂದವೇ, ಮನೆಯಲ್ಲಿ ಅರ್ಧ ಜಗಳ ಅದರಿಂದಲೇ ತಪ್ಪುತ್ತದೆ. ಆದರೆ ನಿಮ್ಮ ಮಗ ಹೆಡ್‌ಮಾಸ್ತರರ ಎದುರು ಹೇಳಿದ್ದನ್ನು ಇನ್ನೊಮ್ಮೆ ಓದಿ. ‘ಜಗಳ ಆಯ್ತು, ಅವಂಗೆ ಪೆಟ್ಟಾಯ್ತು.’ ನಿಮ್ಮ ಕೈ ಅವನಿಗೆ ಬಂದಿದೆಯೋ ಎಂದು ನೀವು ನಿದ್ದೆ ಕೆಡಿಸಿಕೊಂಡಿದ್ದೀರಿ. ನನಗೆ ಕಂಡದ್ದು, ಬಂದಿರುವುದು ನಿಮ್ಮ ವ್ಯಾಕರಣ. ಕೈಯ ವಿಷಯ ಆಮೇಲೆ ನೋಡೋಣ. ಮೊದಲು ವ್ಯಾಕರಣ ಸರಿಮಾಡುವುದು ನಿಮ್ಮ ಕೈಯಲ್ಲೇ ಇದೆ.

ಅವನ ಜೊತೆ ಒಮ್ಮೆ ಕೂತು ಹೇಳಬೇಕು. ಶಾಲೆಯ ಹುಡುಗ ಹೇಳಿದ್ದು ಅವನ ಕಿವಿಗೆ ಬಿದ್ದು ವರ್ಷವಾಯಿತು, ನಿಮ್ಮ ಬಾಯಿಂದ ಇನ್ನೂ ಒಂದು ಶಬ್ದ ಬಂದಿಲ್ಲ. ಈ ಒಂದು ವರ್ಷದಲ್ಲಿ ಅವನು ಮನಸ್ಸಿನಲ್ಲೇ ಎಷ್ಟು ಸಲ ಆ ರಾತ್ರಿಯನ್ನು ಕಟ್ಟಿಕೊಂಡಿರಬಹುದು ಯೋಚಿಸಿ. ಮಕ್ಕಳು ಕಟ್ಟಿಕೊಳ್ಳುವುದು ಯಾವಾಗಲೂ ನಡೆದದ್ದಕ್ಕಿಂತ ಭೀಕರವಾಗಿರುತ್ತದೆ. ಅದರಲ್ಲಿ ತನ್ನದೂ ಒಂದು ತಪ್ಪು ಸೇರಿಸಿಕೊಳ್ಳುತ್ತಾರೆ. ಅವತ್ತು ನಾನು ಆಟಕ್ಕೆ ಹೋಗಬೇಡ ಎಂದು ಅತ್ತಿದ್ದರೆ ಅಪ್ಪ ಹೋಗುತ್ತಲೇ ಇರಲಿಲ್ಲ ಎಂದು ಏಳು ವರ್ಷ ನಂಬಿದ್ದ ಒಂದು ಹುಡುಗಿ ಸಮಾಲೋಚನೆಗೆ ಬಂದು ನನ್ನ ಎದುರು ಕೂತಿದ್ದಳು. ಅವಳ ಅಪ್ಪನದೂ ಹೆಚ್ಚುಕಡಿಮೆ ನಿಮ್ಮದೇ ಕಥೆ.

ಹೇಳುವುದು ಹೇಗೆ? ಚಿಕ್ಕದಾಗಿ. ಹನ್ನೆರಡು ವರ್ಷದವನಿಗೆ ಎಷ್ಟು ಬೇಕೋ ಅಷ್ಟು. ನಾನಾದರೆ ಹೀಗೆ ಹೇಳಿಸುತ್ತೇನೆ: ‘ನೀನು ನಾಲ್ಕೂವರೆ ವರ್ಷದವ ಇರುವಾಗ ಒಂದು ರಾತ್ರಿ ನಾನು ಕುಡಿದಿದ್ದೆ. ಜಗಳದಲ್ಲಿ ನಾನು ಅವರಿಗೆ ಹೊಡೆದೆ. ಅವರು ಸತ್ತುಹೋದರು. ಕೋರ್ಟು ನನಗೆ ಶಿಕ್ಷೆ ಕೊಟ್ಟಿತು, ಅದನ್ನು ಮುಗಿಸಿ ಬಂದೆ. ನಾನು ಹಡಗಿನಲ್ಲಿ ಇರಲಿಲ್ಲ, ಜೈಲಿನಲ್ಲಿದ್ದೆ. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ, ಅಮ್ಮನ ತಪ್ಪೂ ಇಲ್ಲ. ನಿನಗೆ ಏನು ಕೇಳಬೇಕು ಅನಿಸಿದರೂ ಯಾವಾಗ ಬೇಕಾದರೂ ಕೇಳು.’ ಅಷ್ಟೇ. ಅವರೇ ಮೊದಲು ಬೈದದ್ದು, ಜೊತೆಗಿದ್ದವರು ಹುರಿದುಂಬಿಸಿದ್ದು, ವಕೀಲರು ಸರಿ ವಾದ ಮಾಡದ್ದು, ಇದ್ಯಾವುದೂ ಈ ಮಾತಿನಲ್ಲಿ ಬರಕೂಡದು. ಅದೆಲ್ಲ ನಿಜವೇ ಇರಬಹುದು. ಅವನು ಹದಿನೆಂಟರವನಾಗಿ ಕೇಳಿದರೆ ಆಗ ಹೇಳಿ. ಈಗ ಹೇಳಿದರೆ ಅದು ‘ಆಗಿಹೋಯಿತು’ ಎಂಬುದರ ಇನ್ನೊಂದು ರೂಪ. ಅಳು ಬಂದರೆ ಬರಲಿ, ಆದರೆ ಅವನ ಕಾಲು ಹಿಡಿದು ಕ್ಷಮಿಸು ಎಂದು ಮಾತ್ರ ಕೇಳಬೇಡಿ. ಹನ್ನೆರಡು ವರ್ಷದ ಹುಡುಗನ ಹೆಗಲಿಗೆ ಅಪ್ಪನನ್ನು ಕ್ಷಮಿಸುವ ಹೊರೆ ಹೊರಿಸಬಾರದು. ಹೇಳಿದ ಮೇಲೆ ಅವನು ಎದ್ದು ಹೋದರೆ ಹೋಗಲಿ, ಹಿಂದೆ ಹೋಗಬೇಡಿ.

ಹೆಂಡತಿ ಪಕ್ಕದಲ್ಲಿ ಇರಲಿ. ಹಡಗಿನ ಕಥೆ ಹೇಳಿದ್ದಕ್ಕೆ ಅವರನ್ನು ಒಂದು ಮಾತೂ ಅನ್ನಬೇಡಿ. ನಮ್ಮ ಕರಾವಳಿಯಲ್ಲಿ ಮನೆಗೊಬ್ಬ ಹಡಗಿನಲ್ಲೋ ಗಲ್ಫಿನಲ್ಲೋ ಇರುತ್ತಾನೆ, ನಾಲ್ಕೂವರೆ ವರ್ಷದ ಮಗುವಿಗೆ ಅರ್ಥವಾಗುವ ಗೈರುಹಾಜರಿ ಅದೊಂದೇ. ಅವರು ಆ ಸುಳ್ಳನ್ನು ಆರು ವರ್ಷ ಒಬ್ಬರೇ ಹೊತ್ತಿದ್ದಾರೆ. ‘ನಿಂಗೆ ಸಣ್ಣವನಿರುವಾಗ ನೋವಾಗಬಾರದು ಅಂತ ನಾನು ಹಾಗೆ ಹೇಳಿದೆ’ ಎಂಬ ಒಂದು ವಾಕ್ಯ ಅವರ ಬಾಯಿಂದ ಬಂದರೆ ಸಾಕು. ಅದರಲ್ಲೂ ‘ನಾನು’ ಇದೆ ಗಮನಿಸಿ. ಇನ್ನೊಂದು ಮಾತು. ಆರು ವರ್ಷ ಮನೆ ನಡೆಸಿದವರು ಅವರು. ಶಾಲೆಯ ಪ್ರಗತಿಪತ್ರಕ್ಕೆ ಸಹಿ, ಹಬ್ಬಕ್ಕೆ ಅಂಗಿ, ಜ್ವರ ಬಂದರೆ ಯಾವ ಡಾಕ್ಟರ್, ಎಲ್ಲ ಅವರದೇ ತೀರ್ಮಾನ. ನೀವು ಬಂದ ಕೂಡಲೇ ಯಜಮಾನಿಕೆ ಕೈಗೆ ತೆಗೆದುಕೊಂಡರೆ ಮಗನ ಕಣ್ಣಿಗೆ ನೀವು ಅಮ್ಮನನ್ನು ಕೆಳಗಿಳಿಸಿದವರಾಗುತ್ತೀರಿ. ಅವರನ್ನು ಕೇಳಿ ಮಾಡಿ, ಅವನ ಎದುರೇ ಕೇಳಿ.

ನಿಮ್ಮ ಭಾವನವರ ಸಮಾಧಾನ ಪ್ರೀತಿಯದ್ದು, ಆದರೆ ದಯವಿಟ್ಟು ನಿಲ್ಲಿಸಲು ಹೇಳಿ. ಅಂಕೋಲೆಯಲ್ಲಿ ಈ ಮಾತು ಯಾಕೆ ಹುಟ್ಟುತ್ತದೆ ಎಂದು ನನಗೆ ಗೊತ್ತು. 1930ರ ಉಪ್ಪಿನ ಸತ್ಯಾಗ್ರಹ, ಅದರ ಹಿಂದೆಯೇ ಬಂದ ಕರನಿರಾಕರಣೆ, ಕರನಿರಾಕರಣೆಗೆ ಹೆಸರಾದ ಗುಜರಾತಿನ ಊರಿನ ನೆನಪಿಗೆ ಬಂದ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು. ಒಂದು ಕಾಲದಲ್ಲಿ ನಿಮ್ಮ ತಾಲೂಕಿನಲ್ಲಿ ಜೈಲಿಗೆ ಹೋಗಿ ಬಂದವರಿಗೆ ಜನ ಎದ್ದು ನಿಲ್ಲುತ್ತಿದ್ದರು. ಹಿಂಡಲಗಾದಲ್ಲಿ ಹೋರಾಟಗಾರರು ಇದ್ದದ್ದೂ ನಿಜ. ಆದರೆ ಅವರು ಹೋದದ್ದು ‘ನಾನೇ ಉಪ್ಪು ತಯಾರಿಸಿದೆ, ಬರೆದುಕೋ’ ಎಂದು ಹೇಳಿ. ನಿಮ್ಮ ಮಗ ಏಳನೆಯ ತರಗತಿಯ ಹುಡುಗ, ಈ ಎರಡರ ವ್ಯತ್ಯಾಸ ಅವನಿಗೆ ಗೊತ್ತಾಗುತ್ತದೆ. ಗೊತ್ತಾದ ದಿನ ಮಾವನ ಮಾತೂ ಸುಳ್ಳು ಎಂದು ಬರೆದಿಟ್ಟುಕೊಳ್ಳುತ್ತಾನೆ. ಒಂದು ಹಡಗಿನ ಕಥೆ ಮುಳುಗಿದ್ದು ಸಾಲದೇ?

ಇನ್ನು ರಕ್ತದ ಮಾತು. ಕೊಲೆ ರಕ್ತದಲ್ಲಿ ಬರುವುದಿಲ್ಲ. ಹಾಗೆಂದು ಜೈಲಿಗೆ ಹೋದವರ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಹೇಳಿ ನಿಮ್ಮನ್ನು ಕಳಿಸುವುದೂ ಸರಿಯಲ್ಲ. ದಕ್ಷಿಣ ಲಂಡನ್ನಿನ 411 ಹುಡುಗರನ್ನು 1961ರಿಂದ ದಶಕಗಟ್ಟಲೆ ಗಮನಿಸುತ್ತ ಬಂದ ಒಂದು ಅಧ್ಯಯನ ಇದೆ. ಹತ್ತು ವರ್ಷದೊಳಗೆ ತಂದೆಯೋ ತಾಯಿಯೋ ಜೈಲಿಗೆ ಹೋಗಿ ದೂರವಾದ ಹುಡುಗರು, ಕಾಯಿಲೆ, ಸಾವು ಇತ್ಯಾದಿ ಕಾರಣಕ್ಕೆ ದೂರವಾದವರಿಗಿಂತ ಹೆಚ್ಚು ತೊಂದರೆಗೆ ಬಿದ್ದರು. ಇದೇ ಲೆಕ್ಕವನ್ನು ಸ್ವೀಡನ್ನಿನಲ್ಲಿ ಹಾಕಿ ನೋಡಿದಾಗ, ತಂದೆತಾಯಿಯ ಸ್ವಂತ ಅಪರಾಧದ ಇತಿಹಾಸವನ್ನು ಬದಿಗಿಟ್ಟರೆ, ಜೈಲಿನದ್ದೇ ಎನ್ನುವ ಪರಿಣಾಮ ಉಳಿಯಲಿಲ್ಲ. ಅಲ್ಲಿ ಕೈದಿ ಮನೆಯವರ ಜೊತೆ ನಂಟು ಉಳಿಸಿಕೊಳ್ಳುವುದು ಸುಲಭ, ಊರಿನವರೂ ಮಕ್ಕಳನ್ನು ಅಷ್ಟು ಕುಟುಕುವುದಿಲ್ಲ ಎಂಬುದು ಸಂಶೋಧಕರು ಕೊಟ್ಟ ಕಾರಣಗಳಲ್ಲಿ ಸೇರಿದೆ. ರಕ್ತವೇ ಎಲ್ಲವೂ ಆಗಿದ್ದರೆ ದೇಶ ಬದಲಾದರೆ ಲೆಕ್ಕ ಬದಲಾಗಬೇಕಿರಲಿಲ್ಲವಲ್ಲ. ಅಂಕೋಲೆಯಿಂದ ಹಿಂಡಲಗಾಕ್ಕೆ ಹೋಗಿಬರಲು ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಮುಲಾಖಾತಿಗೆ ಸಿಗುವ ಸ್ವಲ್ಪ ಹೊತ್ತು. ಅದಕ್ಕೆ ಮಗುವನ್ನು ಕರೆದುಕೊಂಡು ಹೋಗುವುದೋ ಬೇಡವೋ ಎಂಬ ಸಂಕಟ ಬೇರೆ. ನಿಮ್ಮ ಮಗನಿಗೆ ತಪ್ಪಿದ್ದು ಅದು. ಕಳೆದದ್ದನ್ನು ತರಲಿಕ್ಕೆ ಆಗದು, ಊರ ಬಾಯಿ ಮುಚ್ಚಿಸಲಿಕ್ಕೂ ಆಗದು. ಆದರೆ ನಂಟು ಈಗಿನಿಂದ ಶುರುಮಾಡಲಿಕ್ಕೆ ಆಗುತ್ತದೆ. ಹೆತ್ತವರು ಜೈಲಿಗೆ ಹೋಗಿ ಬಂದ ಮನೆಗಳಲ್ಲಿ ನಾನು ಕಂಡದ್ದೂ ಇದೇ. ಮಕ್ಕಳಿಗೆ ಅಪ್ಪನ ಕಳಂಕಕ್ಕಿಂತ ದೊಡ್ಡ ಪೆಟ್ಟು ಅಪ್ಪ ಇಲ್ಲದ್ದು, ಬಂದ ಮೇಲೂ ಯಾವಾಗ ಇರುತ್ತಾನೆ ಯಾವಾಗ ಇರುವುದಿಲ್ಲ ಎಂದು ಗೊತ್ತಾಗದ್ದು.

ನೀವು ಬರೆಯದ ಒಂದು ವಿಷಯ ಊಹಿಸುತ್ತೇನೆ. ಸಂಜೆ ಆರರ ಹೊತ್ತಿಗೆ ನಿಮಗೆ ಒಂಥರಾ ಆಗುತ್ತದೆ ಅಲ್ಲವೇ? ಬ್ಯಾರಕ್ಕಿಗೆ ಬೀಗ ಬೀಳುವ ಹೊತ್ತು ಅದು. ವರ್ಷಗಟ್ಟಲೆ ಆ ಹೊತ್ತಿಗೆ ತಲೆ ಎಣಿಸಿಕೊಂಡವರ ಮೈ ಮನೆಗೆ ಬಂದ ಮೇಲೂ ಎಣಿಸುತ್ತಲೇ ಇರುತ್ತದೆ. ಊಟ ಐದು ನಿಮಿಷದಲ್ಲಿ ಮುಗಿಯುವುದು, ಬಾಗಿಲಿಗೆ ಮುಖ ಮಾಡಿಯೇ ಕೂರುವುದು, ದೀಪ ಆರಿಸಿದರೆ ನಿದ್ದೆ ಬಾರದಿರುವುದು, ಬೆಳಗ್ಗೆ ಹಾಸಿಗೆ ಮಡಚಿದ್ದು ಸರಿಯಿಲ್ಲ ಎಂದು ಮಗನ ಮೇಲೆ ರೇಗುವುದು. ನಾನು ಕಂಡ ಬಹಳ ಜನರಿಗೆ ಇವು ಇದ್ದವು, ಯಾರೂ ಮನೆಯಲ್ಲಿ ಹೇಳಿಕೊಂಡಿರಲಿಲ್ಲ. ಮಗ ನೋಡುತ್ತಾನೆ, ಅರ್ಥವಾಗುವುದಿಲ್ಲ, ಅಪ್ಪನಿಗೆ ನನ್ನ ಮೇಲೇ ಸಿಟ್ಟು ಎಂದುಕೊಳ್ಳುತ್ತಾನೆ. ‘ಅಲ್ಲಿ ಈ ಹೊತ್ತಿಗೆ ಬೀಗ ಹಾಕ್ತಿದ್ರು, ಅದಕ್ಕೇ ನಂಗೆ ಈಗ ಸ್ವಲ್ಪ ಹೊತ್ತು ಸುಮ್ಮನೆ ಅಂಗಳದಲ್ಲಿ ನಿಲ್ಲಬೇಕು’ ಎಂದು ಒಮ್ಮೆ ಹೇಳಿ ನೋಡಿ. ಹಾಸಿಗೆ ಮಾತ್ರ ಅವನು ಹೇಗೆ ಬೇಕಾದರೂ ಮಡಚಲಿ. ಜೈಲಿನ ಶಿಸ್ತು ಜೈಲಿಗೇ ಇರಲಿ.

ನಿದ್ದೆ ಇಲ್ಲ ಎಂದು ಬರೆದಿದ್ದೀರಿ. ಅದನ್ನು ಹಾಗೇ ಬಿಡಬೇಡಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆ, ಹೋಗಿ ಕಾಣಿ. ಅಲ್ಲಿಯವರೆಗೆ ಹೋಗುವ ಮೊದಲು ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದೇ ಟೆಲಿ ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತದ ಬಗ್ಗೆ ಪತ್ರದಲ್ಲಿ ಆ ರಾತ್ರಿಯದ್ದು ಬಿಟ್ಟರೆ ಏನೂ ಇಲ್ಲ. ಒಳಗೆ ಆರು ವರ್ಷ ಬಿಟ್ಟಿದ್ದಿರಿ ಎಂದೇ ಇಟ್ಟುಕೊಳ್ಳೋಣ. ಅದು ಸಿಗದೆ ಬಿಟ್ಟದ್ದು. ಬೋಟಿನಿಂದ ಇಳಿದ ಮೇಲೆ ಜೊತೆಯವರು ಕರೆಯುವ ಜಾಗದಲ್ಲಿ ಬಿಡುವುದು ಬೇರೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ನಮ್ಮ ಜಿಲ್ಲೆಯಲ್ಲೂ ನಡೆಯುತ್ತವೆ. ಶಿಬಿರಕ್ಕಿಂತ ಅದರ ಆಮೇಲೆ ಪ್ರತಿ ವಾರ ಸೇರುವ ನವಜೀವನ ಸಮಿತಿಯ ಮೇಲೆ ನನಗೆ ಹೆಚ್ಚು ನಂಬಿಕೆ. ಒಂದು ಗುಟುಕೂ ಬೇಡ ಎಂದು ನಾನು ಸಾಮಾನ್ಯವಾಗಿ ಯಾರಿಗೂ ಹೇಳುವವಳಲ್ಲ. ನಿಮಗೆ ಹೇಳುತ್ತಿದ್ದೇನೆ.

ಕೈ ಎತ್ತಬೇಕು ಅನಿಸುತ್ತದೆ ಎಂದು ಬರೆದಿರಲ್ಲ, ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಭರವಸೆ ಕೊಟ್ಟ ಸಾಲು ಅದು. ಅಲ್ಲಿ ನೀವು ಏನನ್ನೂ ಮುಚ್ಚಿಡಲಿಲ್ಲ. ಬೇರೆ ಅಪ್ಪಂದಿರು ಒಂದು ಪೆಟ್ಟು ಹಾಕಿ ಅರ್ಧ ಗಂಟೆಯಲ್ಲಿ ಮರೆತುಬಿಡಬಹುದು (ಅವರೂ ಹಾಕಬಾರದು, ಆ ಮಾತು ಬೇರೆ). ನಿಮ್ಮ ಕೈಯಿಂದ ಒಂದು ಪೆಟ್ಟು ಬಿದ್ದರೆ ಅವನ ತಲೆಯಲ್ಲಿ ಆ ರಾತ್ರಿಯೇ ಎದ್ದು ಬರುತ್ತದೆ. ಸಿಟ್ಟು ಬಂದಾಗ ಬಾಯಿಬಿಟ್ಟು ಹೇಳಿ: ‘ನಂಗೆ ಸಿಟ್ಟು ಬಂದಿದೆ. ನಾನು ದಂಡೆಗೆ ಹೋಗಿ ಬತ್ತೆ. ಅರ್ಧ ಗಂಟೆ.’ ಹೋಗಿ. ಅರ್ಧ ಗಂಟೆಗೆ ಸರಿಯಾಗಿ ತಿರುಗಿ ಬನ್ನಿ, ಬಂದು ಬಿಟ್ಟ ಮಾತು ಮುಂದುವರಿಸಿ. ಸಿಟ್ಟು ಬಂದ ಗಂಡಸು ಹೊಡೆಯದೆಯೂ ಇರಬಹುದು, ಹೊರಟುಹೋದವನು ವಾಪಸ್ಸು ಬರಬಹುದು ಎಂಬುದನ್ನು ಅವನು ಕಣ್ಣಾರೆ ನೋಡಬೇಕು. ಬಾಯಲ್ಲಿ ಹೇಳಿಕೊಟ್ಟರೆ ಬಾರದು.

ಮಾತಾಡದ ಹುಡುಗನ ಜೊತೆ ಮಾತು ಶುರುಮಾಡುವುದು ಹೇಗೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾನು ಘಟ್ಟದ ಮೇಲಿನವಳು, ಶಿರಸಿಯ ಕಡೆಯವಳು, ಮೀನಿನ ವಿಷಯದಲ್ಲಿ ನನಗೆ ಬಂಗಡೆಗೂ ತಾರ್ಲೆಗೂ ಇರುವ ವ್ಯತ್ಯಾಸವೇ ತಡವಾಗಿ ಗೊತ್ತಾದದ್ದು. ಆದರೆ ತದಡಿಯ ಕಡೆ ಒಂದು ಮನೆಗೆ ಹೋದಾಗ ಕಂಡದ್ದನ್ನು ಮರೆಯಲಾರೆ. ಜುಲೈ ತಿಂಗಳು, ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ರಜೆ ಇರುತ್ತದಲ್ಲ, ಆ ಹೊತ್ತು. ಹೊರಗೆ ಧೋ ಎಂದು ಮಳೆ. ಜಗಲಿಯ ಮೇಲೆ ಹರಿದ ಬಲೆ ಹರಡಿತ್ತು. ಒಂದು ತುದಿ ಅಪ್ಪನ ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದೆ, ಇನ್ನೊಂದು ಕಡೆ ಮಗ. ಇಬ್ಬರ ಕೈಯಲ್ಲೂ ನೈಲಾನ್ ದಾರ ಸುತ್ತಿದ ಬಲೆ ಸೂಜಿ. ಹುಡುಗ ಹಾಕಿದ ಗಂಟು ಜಾರಿತು. ಅಪ್ಪ ಏನೂ ಹೇಳಲಿಲ್ಲ, ತನ್ನ ಗಂಟನ್ನು ನಿಧಾನ ಮಾಡಿ ಹಾಕಿದ, ಹುಡುಗ ಓರೆಗಣ್ಣಿನಲ್ಲಿ ನೋಡಿ ಬಿಚ್ಚಿ ಮತ್ತೆ ಹಾಕಿದ. ಬಲೆಯ ಐದಾರು ಕಣ್ಣು ಆದ ಮೇಲೆ ಹುಡುಗ ತಲೆ ಎತ್ತದೆ ಕೇಳಿದ, ‘ಅಲ್ಲಿ ಊಟಕ್ಕೆ ಮೀನು ಕೊಡ್ತಿದ್ರಾ?’ ಅಪ್ಪನೂ ತಲೆ ಎತ್ತದೆ, ‘ಇಲ್ಲ’ ಎಂದ. ಆಮೇಲೆ ಮತ್ತೆ ಗಂಟು. ಅಷ್ಟೇ ಮಾತು. ನಾನು ಅಲ್ಲಿಗೆ ಸಮಾಲೋಚನೆ ಮಾಡಲು ಹೋದವಳು. ಚಹಾ ಕುಡಿದು ಎದ್ದು ಬಂದೆ, ಅಲ್ಲಿ ನನಗೆ ಕೆಲಸ ಇರಲಿಲ್ಲ.

ಎದುರುಬದುರು ಕೂರಿಸಿ ‘ಯಾಕೆ ಮಾತಾಡುವುದಿಲ್ಲ ನೀನು’ ಎಂದರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಪಕ್ಕಪಕ್ಕ ಕೂತು ಕೈಗೆ ಕೆಲಸ, ಕಣ್ಣಿಗೆ ಬೇರೆ ಜಾಗ ಕೊಟ್ಟರೆ ಮಾತು ತಾನಾಗಿ ಬರುತ್ತದೆ. ಬಲೆಯೇ ಆಗಬೇಕೆಂದಿಲ್ಲ. ಸೈಕಲ್ಲಿನ ಚೈನು, ಇಳಿತದ ಹೊತ್ತಿಗೆ ಗಾಳ ಹಾಕುವುದು, ಅವನ ಪೆನ್ಸಿಲ್ ಹೆರೆದು ಕೊಡುವುದು ಯಾವುದಾದರೂ ಸರಿ. ದಿನಾ ಒಂದೇ ಹೊತ್ತಿಗೆ ಮಾಡಿ. ದೊಡ್ಡ ದೊಡ್ಡದು ಬೇಡ. ಹೊಸ ಮೊಬೈಲು ಕೊಡಿಸಿ ಆರು ವರ್ಷದ ಸಾಲ ತೀರಿಸಲು ಹೋದವರನ್ನು ನೋಡಿದ್ದೇನೆ, ಸಾಲವೂ ತೀರಲಿಲ್ಲ, ಹುಡುಗ ಮೊಬೈಲಿನ ಒಳಗೆ ಹೋದವನು ಹೊರಗೆ ಬರಲಿಲ್ಲ.

ಶಾಲೆಯ ಸಂಗತಿ. ಆ ಮಾಸ್ತರರು ಹೇಳಿದ್ದು ಬರೀ ಒರಟುತನ ಅಲ್ಲ, ಕಾನೂನಿಗೂ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸುತ್ತದೆ. ಆದರೆ ನೀವು ಒಬ್ಬರೇ ಬೋಟಿನ ಬಟ್ಟೆಯಲ್ಲಿ ನೇರ ಶಾಲೆಗೆ ನುಗ್ಗಬೇಡಿ. ನಿಮ್ಮ ದನಿ ಒಂದು ಸ್ವಲ್ಪ ಏರಿದರೂ ಊರು ಅದನ್ನೇ ಹಿಡಿದುಕೊಳ್ಳುತ್ತದೆ, ಅನ್ಯಾಯವೇ ಆದರೂ ಇದು ಹೀಗೇ. ಇಬ್ಬರೂ ಹೋಗಿ, ಹೆಡ್‌ಮಾಸ್ತರರನ್ನು ಕಾಣಿ. ಮೊದಲು ನಿಮ್ಮ ಮಗ ಮಾಡಿದ್ದನ್ನು ಹೇಳಿ. ‘ನಮ್ಮ ಹುಡುಗ ಹೊಡೆದ, ತಪ್ಪು. ಅವನು ಆ ಹುಡುಗನ ಹತ್ತಿರ ತಪ್ಪಾಯಿತು ಅನ್ನುತ್ತಾನೆ.’ ಆಮೇಲೆ, ‘ಮಾಸ್ತರರು ಹೀಗೆ ಅಂದದ್ದು ಅವನಿಗೆ ನಾಟಿದೆ, ಮತ್ತೆ ಹಾಗೆ ಅನ್ನದ ಹಾಗೆ ನೋಡಿಕೊಳ್ಳಿ.’ ಈ ಕ್ರಮ ತಿರುಗಿಸಬೇಡಿ. ಆಗಲೂ ಸರಿಹೋಗದಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿಡಿ, ಅದಕ್ಕೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ಬರೆಯುವುದು ಕಷ್ಟವಾದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, ಸಹಾಯವಾಣಿ 15100. ಅಲ್ಲಿಯವರೆಗೆ ಹೋಗುವ ಪ್ರಸಂಗ ಬಾರದು ಎಂದು ನನ್ನ ಅಂದಾಜು.

ಮಗನ ಬಾಯಿಂದ ‘ನಾನು ಹೊಡೆದೆ’ ಎಂಬ ಮಾತು ಬರಬೇಕಾದರೆ ಮೊದಲು ನಿಮ್ಮ ಬಾಯಿಂದ ಅದನ್ನು ಅವನು ಕೇಳಿರಬೇಕು. ಆದ್ದರಿಂದ ಮನೆಯ ಮಾತು ಮೊದಲು, ಶಾಲೆ ಆಮೇಲೆ.

ಆ ಇನ್ನೊಂದು ಮನೆ. ಅದರ ಬಗ್ಗೆ ಬರೆಯುವಾಗ ನನ್ನ ಪೆನ್ನೂ ನಿಲ್ಲುತ್ತದೆ. ನಿಮ್ಮ ಮಗನನ್ನು ಹಂಗಿಸಿದ ಹುಡುಗನೂ ಒಂದು ಮಗುವೇ. ಅವನ ದೊಡ್ಡಪ್ಪ ಆಟ ನೋಡಲು ಹೋದವರು ಮನೆಗೆ ಬರಲಿಲ್ಲ. ನಿಮ್ಮ ಮಗನಿಗೆ ಅಪ್ಪ ಆರು ವರ್ಷಕ್ಕೆ ತಿರುಗಿ ಬಂದ. ಇದನ್ನು ಮಗನಿಗೆ ಹೇಳಬೇಕು, ಬೈಗುಳವಾಗಿ ಅಲ್ಲ, ಸಂಗತಿಯಾಗಿ. ಅವರ ಮನೆಯ ಬಗ್ಗೆ ನಿಮ್ಮ ಮನೆಯಲ್ಲಿ ಒಂದು ಕೆಟ್ಟ ಮಾತು ಬರದ ಹಾಗೆ ನೋಡಿಕೊಳ್ಳಿ, ಭಾವನವರೂ ಸೇರಿ. ಹಾಗೆಂದು ನೀವಾಗಿ ಹೋಗಿ ಅವರ ಅಂಗಳದಲ್ಲಿ ಅಡ್ಡಬೀಳಬೇಡಿ. ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಅವರ ಗಾಯ ಕೆದಕುವ ಹಕ್ಕು ನಿಮಗಿಲ್ಲ. ನಿಮ್ಮ ಸಮಾಜದಲ್ಲಿ ಬುಧವಂತರೋ (ಸಮಾಜದ ಮುಖಂಡರು), ಎರಡೂ ಮನೆಯವರು ಮಾತು ಕೇಳುವ ಹಿರಿಯರೋ ಇದ್ದರೆ ಅವರ ಮೂಲಕ ಒಂದು ಮಾತು ಕಳಿಸಿ: ಕರೆದರೆ ಬರುತ್ತೇನೆ, ಕರೆಯದಿದ್ದರೆ ದೂರ ಇರುತ್ತೇನೆ. ಬಂಡಿಹಬ್ಬದ ದಿನ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ದಾರಿ ಬಿಟ್ಟು ನಿಲ್ಲುವವರು ನೀವು. ಮಗ ಜೊತೆಗಿದ್ದರೂ ಅಷ್ಟೇ. ಅಪ್ಪ ಯಾಕೆ ಬದಿಗೆ ಸರಿದ ಎಂದು ಅವನು ಕೇಳಿದರೆ ಉತ್ತರ ನಿಮಗೆ ಈಗ ಗೊತ್ತಿದೆ.

ನೌಕರಿಯ ಪ್ರಶ್ನೆಗೆ ಉತ್ತರ ಚಿಕ್ಕದು. ಅಪ್ಪನಿಗಾದ ಶಿಕ್ಷೆ ಕಾನೂನಿನಲ್ಲಿ ಮಗನ ಅನರ್ಹತೆ ಅಲ್ಲ. ಅವನ ಓದು, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಾಸ್‌ಪೋರ್ಟ್ ಯಾವುದಕ್ಕೂ ನಿಮ್ಮ ಕೇಸು ತಡೆಯಲ್ಲ. ನೇವಿಗೆ ಸೇರುವಾಗ ಪೊಲೀಸ್ ಪರಿಶೀಲನೆ ಇರುತ್ತದೆ, ಅಲ್ಲಿ ಮುಖ್ಯವಾಗುವುದು ಅವನ ಮೇಲೆ ಏನಾದರೂ ಇದೆಯೇ ಎಂಬುದು. ಹಾಗಾಗಿ ಶಾಲೆಯ ಜಗಳಗಳು ಠಾಣೆಯವರೆಗೆ ಹೋಗದ ಹಾಗೆ ಈಗಲೇ ನೋಡಿಕೊಳ್ಳುವುದು ಒಳ್ಳೆಯದು. ನೌಕಾನೆಲೆ ಐಎನ್ಎಸ್ ಕದಂಬ ನಿಮ್ಮೂರಿನಿಂದ ಬಸ್ಸಿನ ದಾರಿ, ಹೈವೇಯಲ್ಲಿ ಹೋಗುವಾಗ ಅದರ ಕಾಂಪೌಂಡು ನೋಡಿಯೇ ಅವನಿಗೆ ಈ ಆಸೆ ಹುಟ್ಟಿರಬೇಕು. ಕಾರವಾರದ ಕಡಲದಂಡೆಯಲ್ಲಿ ಇಟ್ಟಿರುವ ಐಎನ್ಎಸ್ ಚಪಲ್ ಹಡಗನ್ನು ಒಂದು ಭಾನುವಾರ ತೋರಿಸಿಕೊಂಡು ಬನ್ನಿ, ಇಬ್ಬರೇ. ಗಣಿತ ಹೇಗೆ ಮಾಡುತ್ತಾನೆ ಎಂದೂ ಮೆಲ್ಲಗೆ ವಿಚಾರಿಸಿ, ನೇವಿಯವರು ಅಪ್ಪನಿಗಿಂತ ಹೆಚ್ಚು ಅದನ್ನೇ ಕೇಳುವುದು.

ನಿಮ್ಮ ಹಕ್ಕಿನ ಬಗ್ಗೆಯೂ ಒಂದು ಮಾತು. ಜೈಲಿನಲ್ಲಿ ಇರುವವರೆಗೆ ಮಾತ್ರ ಮತ ಹಾಕುವಂತಿಲ್ಲ. ಹೊರಬಂದವರು ಹಾಕಬಹುದು. ಪಟ್ಟಿಯಲ್ಲಿ ಹೆಸರು ಇದೆಯೋ ಬಿಟ್ಟುಹೋಗಿದೆಯೋ ನೋಡಿಕೊಳ್ಳಿ. ಮುಂದಿನ ಚುನಾವಣೆಯ ದಿನ ಅವನನ್ನೂ ಕರೆದುಕೊಂಡು ಹೋಗಿ, ಬೆರಳಿನ ಶಾಯಿ ಅವನು ನೋಡಲಿ.

ಗಲ್ಫ್. ಪಾಸ್‌ಪೋರ್ಟ್ ಕಾಯಿದೆ ನೋಡುವುದು ಅರ್ಜಿಯ ಹಿಂದಿನ 5 ವರ್ಷವನ್ನು. ಅಷ್ಟರೊಳಗೆ ನೈತಿಕ ಅಧಃಪತನದ ಅಪರಾಧಕ್ಕೆ 2 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಆಗಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ನಿಮ್ಮ ತೀರ್ಪು ಬಂದು 5 ವರ್ಷ ದಾಟಿರುವ ಹಾಗೆ ಕಾಣುತ್ತದೆ, ಆ ಕಲಮು ಅಡ್ಡ ಬರಲಿಕ್ಕಿಲ್ಲ. ನಾನು ಅಡ್ಡ ಬರುತ್ತೇನೆ. ಮನೆ ನಡೆಯಲು ದುಡ್ಡೇ ಬೇಕು, ಇಲ್ಲಿ ಕೆಲಸವೇ ಇಲ್ಲ ಎಂದಾಗಿದ್ದರೆ ಬೇರೆ ಮಾತು ಆಡುತ್ತಿದ್ದೆ. ನೀವು ಹೋಗಬೇಕೆಂದಿರುವುದು ಅವನು ತಲೆ ಎತ್ತಿ ಓಡಾಡಲಿ ಎಂದು. ಆರು ವರ್ಷ ಅಪ್ಪ ಹಡಗಿನಲ್ಲಿದ್ದಾನೆ ಎಂಬ ಸುಳ್ಳು ಕೇಳಿ ಬೆಳೆದ ಹುಡುಗನನ್ನು ಬಿಟ್ಟು ನಿಜವಾಗಿಯೂ ದೂರ ಹೋಗುತ್ತೀರಾ?

ಅವನು ‘ಎಷ್ಟೊತ್ತಿಗೆ ಬರ್ತಾರೆ’ ಎಂದು ಅಮ್ಮನ ಹತ್ತಿರ ಕೇಳುತ್ತಾನೆ ಎಂದಿರಿ. ನೀವು ಮನೆಯಲ್ಲಿ ಇಲ್ಲದಿದ್ದರೆ ಅವನಿಗೆ ಹಾಯಿ ಎಂದು ಅದಕ್ಕೆ ಅರ್ಥ ಮಾಡಿದಿರಿ. ನನಗೆ ಹಾಗೆ ಕಾಣುವುದಿಲ್ಲ. ಬರುವುದು ಬೇಡ ಎನ್ನುವವರು ಗಡಿಯಾರ ಕೇಳುವುದಿಲ್ಲ, ಅದೂ ಬೋಟಿಗೆ ಹೋದ ದಿನವೆಲ್ಲ. ನಾಳೆಯಿಂದ ಹೊರಡುವ ಮೊದಲು ನೀವೇ ಅವನಿಗೆ ಹೇಳಿ. ನಾಲ್ಕಕ್ಕೆ ಬರುವ ಅಂದಾಜಿದ್ದರೆ ಐದು ಎನ್ನಿ, ಸಮುದ್ರವನ್ನು ನಂಬಿ ಮಾತು ಕೊಡಬೇಡಿ. ಅವನು ಉತ್ತರ ಕೊಡದಿದ್ದರೂ ಹೇಳಿ. ತಡವಾದರೆ ಬಂದರಿಗೆ ಮುಟ್ಟಿದ ಕೂಡಲೇ ಫೋನ್ ಮಾಡಿ. ಹೆಂಡತಿ ಎತ್ತಿದರೆ, ಅವನಿಗೆ ಕೊಡಲು ಹೇಳಿ.